ಚಿಕಿತ್ಸಾ ಪ್ರಯೋಗ ಮತ್ತು ರೋಗಿಯ ಸಮ್ಮತಿ

ದೊಡ್ಡ ನಗರಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೂರು ಕಾರ್ಯಗಳು ಜೊತೆಜೊತೆಯಾಗಿ ನಡೆಯುತ್ತವೆ: ರೋಗಿಗಳ ಚಿಕಿತ್ಸೆ, ವಿದ್ಯಾರ್ಥಿಗಳ ಶಿಕ್ಷಣ ಮತ್ತು ಹೊಸ ಚಿಕಿತ್ಸಾ ವಿಧಾನಗಳ ಸಂಶೋಧನೆ. ಮೊದಲಿನ ಎರಡನ್ನು ಜನರು ಬಲ್ಲರು. ಮೂರನೆಯದು ಅನೇಕರ ಅರಿವಿಗೆ ಬರುವುದು ಹೊರರೋಗಿ ವಿಭಾಗದಲ್ಲಿ ವೈದ್ಯರು ಹೊಸ ಔಷಧವೊಂದರ ಪ್ರಯೋಗದ ವಿಷಯವನ್ನು ಪ್ರಸ್ತಾಪಿಸಿ, ಅದರಲ್ಲಿ ಸೇರಲು ಒಪ್ಪಿಗೆಯಿದೆಯೇ ಎಂದು ಕೇಳಿದಾಗ ಮಾತ್ರ. ಆಗ ಹಲವು ಪುಟಗಳ ಕಾಗದವೊಂದು ರೋಗಿಯ ಕೈ ಸೇರುತ್ತದೆ. ಕೊನೆಯ ಪುಟದಲ್ಲಿ ಸಹಿಗೆ ಸ್ಥಳ ಬಿಟ್ಟಿರುತ್ತದೆ.

ಆ ಸಹಿ ಕೇವಲ ಆಸ್ಪತ್ರೆಯ ದಾಖಲೆಗಾಗಿ ಹಾಕುವ ಸಹಿಯಲ್ಲ. ಅದನ್ನು ಹಾಕುವ, ಹಾಕದಿರುವ ಮತ್ತು ಹಾಕಿದ ಮೇಲೂ ಹಿಂದಕ್ಕೆ ಪಡೆಯುವ ಪೂರ್ಣ ಅಧಿಕಾರ ರೋಗಿಯದು. ಈ ಅಧಿಕಾರದ ಸ್ವರೂಪವನ್ನು ತಿಳಿದುಕೊಳ್ಳುವುದು ಎಲ್ಲ ನಾಗರಿಕರಿಗೂ ಅಗತ್ಯ. ತಮ್ಮ ಭಾಷೆಯ ಪ್ರದೇಶದಿಂದ ದೂರ ನೆಲೆಸಿರುವವರಿಗಂತೂ ಅದು ಇನ್ನಷ್ಟು ಅಗತ್ಯ.

ಪ್ರಯೋಗಗಳು ಏಕೆ ಬೇಕು?

ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂಬುದನ್ನು ವೈದ್ಯರ ಅನುಭವವೊಂದೇ ನಿರ್ಣಯಿಸಲಾರದು. 1956ರಲ್ಲಿ ಅಂದಿನ ಮದರಾಸಿನಲ್ಲಿ ಕ್ಷಯರೋಗ ರಾಸಾಯನಿಕ ಚಿಕಿತ್ಸಾ ಕೇಂದ್ರವು ಸ್ಥಾಪನೆಯಾಯಿತು. ಕ್ಷಯರೋಗಿಗೆ ಸ್ಯಾನಟೋರಿಯಂ ವಾಸ, ಪೂರ್ಣ ವಿಶ್ರಾಂತಿ ಮತ್ತು ಪುಷ್ಟಿಕರ ಆಹಾರ ಅನಿವಾರ್ಯವೆಂಬುದು ಆ ಕಾಲದ ನಂಬಿಕೆಯಾಗಿತ್ತು. ದೇಶದಲ್ಲಿದ್ದ ರೋಗಿಗಳ ಸಂಖ್ಯೆಗೆ ಹೋಲಿಸಿದರೆ ಸ್ಯಾನಟೋರಿಯಂ ಹಾಸಿಗೆಗಳು ಅತ್ಯಲ್ಪ. ಕೇಂದ್ರವು ನಗರದ ಬಡ ಕುಟುಂಬಗಳ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿಯೂ ಇನ್ನೊಂದಕ್ಕೆ ಮನೆಯಲ್ಲಿಯೂ ಒಂದು ವರ್ಷ ಅದೇ ಔಷಧಗಳನ್ನು ನೀಡಿತು. ಔಷಧಗಳನ್ನು ಕ್ರಮವಾಗಿ ಸೇವಿಸಿದಲ್ಲಿ ಮನೆಯ ಚಿಕಿತ್ಸೆಯೂ ತೃಪ್ತಿಕರವೆಂಬ ಫಲಿತಾಂಶ 1959ರಲ್ಲಿ ಪ್ರಕಟವಾಯಿತು. ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಇದು ಬದಲಿಸಿತು.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 2004ರಿಂದ 2014ರವರೆಗೆ ನಡೆದ ಪ್ರಯೋಗ ಇನ್ನೊಂದು ನಿದರ್ಶನ. ಆರಂಭಿಕ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ತೆಗೆಯಬೇಕೇ ಅಥವಾ ರೋಗವು ಅಲ್ಲಿಗೆ ಹರಡಿದಾಗ ತೆಗೆದರೆ ಸಾಕೇ ಎಂಬ ಬಗ್ಗೆ ಶಸ್ತ್ರವೈದ್ಯರಲ್ಲಿ ದೀರ್ಘಕಾಲದ ಭಿನ್ನಾಭಿಪ್ರಾಯವಿತ್ತು. 2015ರಲ್ಲಿ 500 ರೋಗಿಗಳ ಫಲಿತಾಂಶ ಪ್ರಕಟವಾಯಿತು. ಮೊದಲೇ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ನಂತರ ಶೇಕಡ 80ರಷ್ಟು ಮಂದಿಯೂ, ಕಾದು ನೋಡಿದ ಗುಂಪಿನಲ್ಲಿ ಶೇಕಡ 67.5ರಷ್ಟು ಮಂದಿಯೂ ಬದುಕಿದ್ದರು. ಇಂದು ಈ ರೋಗಕ್ಕೆ ಚಿಕಿತ್ಸೆ ಪಡೆಯುವವರು ಅಂದು ಪ್ರಯೋಗಕ್ಕೆ ಒಪ್ಪಿದ ರೋಗಿಗಳಿಗೆ ಋಣಿಗಳು.

ನಾಲ್ಕು ಹಂತಗಳು

ಹೊಸ ಔಷಧವನ್ನು ಮೊದಲು ಪ್ರಯೋಗಾಲಯದಲ್ಲಿ ಮತ್ತು ಪ್ರಾಣಿಗಳ ಮೇಲೆ ಪರೀಕ್ಷಿಸಲಾಗುತ್ತದೆ. ಮನುಷ್ಯರ ಮೇಲಿನ ಮೊದಲನೆಯ ಹಂತದಲ್ಲಿ ಕೆಲವೇ ಜನರಿಗೆ, ಸಾಮಾನ್ಯವಾಗಿ ಆರೋಗ್ಯವಂತ ಸ್ವಯಂಸೇವಕರಿಗೆ, ಔಷಧವನ್ನು ಕೊಟ್ಟು ಅದರ ಸುರಕ್ಷತೆ ಮತ್ತು ಪ್ರಮಾಣವನ್ನು ತಿಳಿಯಲಾಗುತ್ತದೆ. ಎರಡನೆಯ ಹಂತದಲ್ಲಿ ಸೀಮಿತ ಸಂಖ್ಯೆಯ ರೋಗಿಗಳಲ್ಲಿ ಔಷಧದ ಗುಣವನ್ನು ನೋಡಲಾಗುತ್ತದೆ. ಮೂರನೆಯ ಹಂತದಲ್ಲಿ ಹೆಚ್ಚು ಸಂಖ್ಯೆಯ ರೋಗಿಗಳನ್ನು ಸೇರಿಸಿಕೊಂಡು, ಬಳಕೆಯಲ್ಲಿರುವ ಚಿಕಿತ್ಸೆಯೊಡನೆ ಅಥವಾ ಔಷಧದ ಅಂಶವಿಲ್ಲದ ತೋರಿಕೆಯ ಗುಳಿಗೆಯೊಡನೆ ಹೋಲಿಸಲಾಗುತ್ತದೆ. ಔಷಧವು ಮಾರುಕಟ್ಟೆಗೆ ಬಂದ ಮೇಲೆ ನಡೆಯುವ ಅಧ್ಯಯನವು ನಾಲ್ಕನೆಯ ಹಂತ. ತಮ್ಮನ್ನು ಯಾವ ಹಂತದ ಪ್ರಯೋಗಕ್ಕೆ ಕರೆಯಲಾಗಿದೆ ಎಂಬುದನ್ನು ರೋಗಿಯು ಕೇಳಿ ತಿಳಿಯಬೇಕು. ಹಂತವು ಹಿಂದಿನದಾದಷ್ಟೂ ಔಷಧದ ಬಗೆಗಿನ ತಿಳಿವಳಿಕೆ ಕಡಿಮೆಯಿರುತ್ತದೆ.

ಚಿಕಿತ್ಸೆಗೂ ಸಂಶೋಧನೆಗೂ ಇರುವ ಭೇದ

ಚಿಕಿತ್ಸೆಯಲ್ಲಿ ವೈದ್ಯರು ತಮ್ಮೆದುರಿನ ಒಬ್ಬ ರೋಗಿಗೆ ಯಾವುದು ಹಿತವೋ ಅದನ್ನು ಆರಿಸುತ್ತಾರೆ. ಸಂಶೋಧನೆಯಲ್ಲಿ ಮುಂದಿನ ರೋಗಿಗಳೆಲ್ಲರಿಗೂ ಅನ್ವಯಿಸುವ ಉತ್ತರವನ್ನು ಹುಡುಕಲಾಗುತ್ತದೆ. ಆದ್ದರಿಂದ ಯಾವ ರೋಗಿ ಯಾವ ಗುಂಪಿಗೆ ಸೇರಬೇಕೆಂಬುದನ್ನು ಅನೇಕ ಪ್ರಯೋಗಗಳಲ್ಲಿ ವೈದ್ಯರು ನಿರ್ಧರಿಸುವುದಿಲ್ಲ. ತಾನು ಸೇವಿಸುತ್ತಿರುವುದು ಹೊಸ ಔಷಧವೋ ಹಳೆಯದೋ ಎಂಬುದು ರೋಗಿಗೂ, ಕೆಲವೊಮ್ಮೆ ವೈದ್ಯರಿಗೂ, ಪ್ರಯೋಗ ಮುಗಿಯುವವರೆಗೆ ತಿಳಿದಿರುವುದಿಲ್ಲ. ಹೊಸದೆಲ್ಲವೂ ಉತ್ತಮವೆಂಬ ಭರವಸೆಯನ್ನು ಇಲ್ಲಿ ಯಾರೂ ಕೊಡಲಾರರು. ಉತ್ತಮವೆಂದು ಮೊದಲೇ ಸಿದ್ಧವಾಗಿದ್ದರೆ ಪ್ರಯೋಗದ ಅಗತ್ಯವೇ ಇರುತ್ತಿರಲಿಲ್ಲ. ಇದನ್ನು ಅರಿತು ಕೊಡುವ ಒಪ್ಪಿಗೆಯೇ ನಿಜವಾದ ಸಮ್ಮತಿ.

ಇಂತಹ ಸಮ್ಮತಿಯಿಲ್ಲದೆ ನಡೆದ ಕೃತ್ಯಗಳ ನೆನಪು ಜಗತ್ತಿಗಿದೆ. ನಾಜಿ ಶಿಬಿರಗಳಲ್ಲಿ ಬಂದಿಗಳ ಮೇಲೆ ನಡೆದ ಕ್ರೂರ ಪ್ರಯೋಗಗಳ ವಿಚಾರಣೆಯ ನಂತರ, 1947ರ ನ್ಯೂರೆಂಬರ್ಗ್ ಸಂಹಿತೆಯು ಸ್ವಯಂಪ್ರೇರಿತ ಸಮ್ಮತಿ ಅನಿವಾರ್ಯವೆಂದು ಸಾರಿತು. ನಮ್ಮ ದೇಶದಲ್ಲಿಯೂ ಲೋಪಗಳಾಗಿವೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಬಾಲಕಿಯರಿಗೆ ಲಸಿಕೆ ನೀಡಿದ ಅಧ್ಯಯನವೊಂದರಲ್ಲಿ ತಂದೆತಾಯಿಗಳ ಬದಲು ವಸತಿನಿಲಯದ ಮೇಲ್ವಿಚಾರಕರು ಮತ್ತು ಮುಖ್ಯೋಪಾಧ್ಯಾಯರು ಅನೇಕ ಸಮ್ಮತಿ ಪತ್ರಗಳಿಗೆ ಸಹಿ ಹಾಕಿದ್ದುದು ಬೆಳಕಿಗೆ ಬಂದಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯು ಇದನ್ನು ಕಟುವಾಗಿ ಟೀಕಿಸಿತು.

ರೋಗಿಗೆ ಕಾನೂನಿನ ರಕ್ಷಣೆ

ಹೊಸ ಔಷಧಗಳ ಪ್ರಯೋಗಗಳಿಗೆ ಕೇಂದ್ರ ಸರ್ಕಾರದ 2019ರ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಾವಳಿಯು ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಮನುಷ್ಯರನ್ನೊಳಗೊಂಡ ಇತರ ವೈದ್ಯಕೀಯ ಸಂಶೋಧನೆಗಳಿಗೂ ಸಂಬಂಧಿಸಿದೆ.

ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗವನ್ನು ಆರಂಭಿಸುವಂತಿಲ್ಲ. ಈ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ವೈದ್ಯಕೀಯೇತರ ಸಾಮಾನ್ಯ ನಾಗರಿಕರೊಬ್ಬರು, ಕಾನೂನು ತಜ್ಞರೊಬ್ಬರು ಮತ್ತು ಮಹಿಳೆಯೊಬ್ಬರು ಇರಲೇಬೇಕು. ಅರ್ಧದಷ್ಟು ಸದಸ್ಯರಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು.

ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಪ್ರಯೋಗವನ್ನು ಭಾರತೀಯ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪುಸ್ತಕದಲ್ಲಿ ದಾಖಲಿಸಬೇಕು. 2007ರಲ್ಲಿ ಆರಂಭವಾದ ಈ ನೋಂದಣಿಯನ್ನು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪ್ರಯೋಗದ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದರೆ ಅದರ ಉದ್ದೇಶ, ನಡೆಯುವ ಆಸ್ಪತ್ರೆಗಳು ಮತ್ತು ಪ್ರಾಯೋಜಕರ ವಿವರಗಳು ದೊರೆಯುತ್ತವೆ. ವಿವರಗಳು ಇಂಗ್ಲಿಷಿನಲ್ಲಿರುವುದರಿಂದ ಅಗತ್ಯವಿದ್ದವರು ಓದುಬಲ್ಲವರ ನೆರವು ಪಡೆಯಬಹುದು.

ಪ್ರಯೋಗದಿಂದ ರೋಗಿಗೆ ಹಾನಿಯಾದಲ್ಲಿ ಉಚಿತ ವೈದ್ಯಕೀಯ ಆರೈಕೆ ದೊರೆಯಬೇಕು. ಹಾನಿಗೆ ಪ್ರಯೋಗವೇ ಕಾರಣವೆಂದು ನಿರ್ಧಾರವಾದರೆ ಪ್ರಾಯೋಜಕರು ಪರಿಹಾರಧನವನ್ನೂ ನೀಡಬೇಕು. ಗಂಭೀರ ದುಷ್ಪರಿಣಾಮ ಕಂಡುಬಂದಾಗ ಸಂಶೋಧಕ ವೈದ್ಯರು 24 ಗಂಟೆಗಳೊಳಗೆ ವರದಿ ಮಾಡಬೇಕೆಂಬ ನಿಯಮವಿದೆ. ಸಮ್ಮತಿ ಪತ್ರದಲ್ಲಿ ನಾಮನಿರ್ದೇಶಿತರ ಹೆಸರನ್ನು ಕೇಳುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಪ್ರಯೋಗದ ಕಾರಣದಿಂದ ಸಾವು ಸಂಭವಿಸಿದಲ್ಲಿ ಪರಿಹಾರವು ಯಾರಿಗೆ ಸಲ್ಲಬೇಕೆಂಬುದನ್ನು ಗೊತ್ತುಪಡಿಸುವುದಷ್ಟೇ ಅದರ ಉದ್ದೇಶ.

ತಿಳಿಯುವ ಭಾಷೆಯಲ್ಲಿ ವಿವರಣೆ

ರೋಗಿಗೆ ನೀಡುವ ಮಾಹಿತಿಯು ಪಾರಿಭಾಷಿಕ ಪದಗಳ ತೊಡಕಿಲ್ಲದೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ನಿಯಮವೇ ಹೇಳುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಮಾತು ಬಹುಮುಖ್ಯ. ಮಾರುಕಟ್ಟೆಯಲ್ಲಿ ವ್ಯವಹರಿಸುವಷ್ಟು ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ ಬರುವುದು ಒಂದು ವಿಷಯ. ಔಷಧದ ಅಪಾಯಗಳನ್ನು ಆ ಭಾಷೆಯಲ್ಲಿ ಓದಿ ತೂಗಿ ನೋಡುವುದು ಬೇರೆಯೇ ವಿಷಯ. ಅಲ್ಲಿಯ ಭಾಷೆಯ ಪತ್ರವು ಅರ್ಥವಾಗದಿದ್ದಲ್ಲಿ ಕನ್ನಡದ ಪತ್ರವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಅದು ದೊರೆಯುವವರೆಗೆ, ಅಥವಾ ಕನ್ನಡ ಬಲ್ಲವರು ಪೂರ್ಣವಾಗಿ ವಿವರಿಸುವವರೆಗೆ, ಸಹಿಯನ್ನು ತಡೆಹಿಡಿಯುವುದು ವಿವೇಕದ ನಡೆ.

ಓದು ಬರಹ ಬಾರದವರ ವಿಷಯದಲ್ಲಿ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ವಿವರಣೆಯ ಉದ್ದಕ್ಕೂ ಹಾಜರಿರಬೇಕು. ಹೊಚ್ಚಹೊಸ ರಾಸಾಯನಿಕ ಔಷಧಗಳ ಪ್ರಯೋಗದಲ್ಲಿ ದುರ್ಬಲ ಸ್ಥಿತಿಯಲ್ಲಿರುವವರಿಂದ ಸಮ್ಮತಿ ಪಡೆಯುವ ಪ್ರಕ್ರಿಯೆಯನ್ನು ಧ್ವನಿ ಮತ್ತು ದೃಶ್ಯ ಸಹಿತ ಮುದ್ರಿಸಿಕೊಳ್ಳಬೇಕೆಂಬ ನಿಯಮವೂ ಇದೆ. ಮಾಹಿತಿ ಪತ್ರದ ಮತ್ತು ಭರ್ತಿ ಮಾಡಿದ ಸಮ್ಮತಿ ಪತ್ರದ ಪ್ರತಿಯನ್ನು ರೋಗಿಗೆ ಅಥವಾ ಅವರ ಜೊತೆಯಲ್ಲಿರುವವರಿಗೆ ಕೊಡಬೇಕು. ಅದನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಸಹಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಪ್ರಯೋಗದಲ್ಲಿ ಸೇರದಿದ್ದರೆ ದೊರೆಯುವ ಚಿಕಿತ್ಸೆ ಯಾವುದು? ಈ ಔಷಧದಿಂದ ಇದುವರೆಗೆ ಕಂಡಿರುವ ತೊಂದರೆಗಳೇನು? ಎಷ್ಟು ಕಾಲ, ಎಷ್ಟು ಬಾರಿ ಆಸ್ಪತ್ರೆಗೆ ಬರಬೇಕು, ಪ್ರಯಾಣದ ವೆಚ್ಚ ಯಾರದು? ರಾತ್ರಿ ವೇಳೆ ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು? ಪ್ರಯೋಗ ಮುಗಿದ ಮೇಲೆ ಔಷಧವು ಮುಂದುವರಿಯುವುದೇ? ಈ ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರ ದೊರೆತ ಮೇಲೆಯೂ ಮನೆಯವರೊಡನೆ ಸಮಾಲೋಚಿಸಲು ಕಾಲಾವಕಾಶ ಕೇಳಬಹುದು.

ಬೇಡವೆಂದರೆ ವೈದ್ಯರು ಬೇಸರಪಟ್ಟಾರು, ಚಿಕಿತ್ಸೆ ನಿಂತೀತು ಎಂಬ ಅಂಜಿಕೆಯಿಂದ ಒಪ್ಪುವವರಿದ್ದಾರೆ. ಈ ಅಂಜಿಕೆಗೆ ಕಾರಣವಿಲ್ಲ. ನಿರಾಕರಿಸಿದವರಿಗೂ, ಕಾರಣ ಹೇಳದೆ ನಡುವೆ ಹೊರಬಂದವರಿಗೂ, ಆಸ್ಪತ್ರೆಯ ಸಾಮಾನ್ಯ ಚಿಕಿತ್ಸೆಯ ಹಕ್ಕು ಕುಂದುವುದಿಲ್ಲ. ಆದರೆ ಹೊರಬರುವಾಗ ಔಷಧವನ್ನು ತಾವಾಗಿಯೇ ಥಟ್ಟನೆ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದು ಕ್ಷೇಮಕರ.

ಮದರಾಸಿನ ಮತ್ತು ಮುಂಬಯಿಯ ರೋಗಿಗಳ ಸಹಕಾರದಿಂದ ದೊರೆತ ಜ್ಞಾನವು ಅಸಂಖ್ಯ ಜೀವಗಳನ್ನು ಉಳಿಸಿದೆ. ಅಂತಹ ಸಹಕಾರ ಮುಂದೆಯೂ ಬೇಕು. ತಿಳಿದು ಒಪ್ಪಿದ ರೋಗಿಯು ಸಂಶೋಧನೆಯಲ್ಲಿ ಪಾಲುದಾರನಾಗುತ್ತಾನೆ. ತಿಳಿಯದೆ ಸಹಿ ಹಾಕಿದವನು ಕೇವಲ ಅದರ ವಸ್ತುವಾಗುತ್ತಾನೆ. ಆದುದರಿಂದ ರೋಗಿಗೆ ಪೂರ್ಣವಾಗಿ ತಿಳಿಸುವುದು ಆಸ್ಪತ್ರೆಯ ಕರ್ತವ್ಯ, ಪೂರ್ಣವಾಗಿ ತಿಳಿಯುವವರೆಗೆ ಕೇಳುವುದು ರೋಗಿಯ ಹಕ್ಕು.