ಸಿರಿಯೂರಿನ ಬಾಳುವೆ

ಮಕ್ಕಳು ಅಮೆರಿಕದಲ್ಲಿದ್ದಾರೆಂಬ ಮಾತು ನಮ್ಮ ಗಡಿನಾಡಿನ ಮನೆಗಳಲ್ಲಿ ಈಗ ಅಪರೂಪವಲ್ಲ. ಕಾಸರಗೋಡು, ಮಂಜೇಶ್ವರ ಸೀಮೆಯ ಎಷ್ಟೋ ತಂದೆತಾಯಿಯರು ಮಗಳ ಬಾಣಂತನಕ್ಕೋ ಮೊಮ್ಮಗುವಿನ ಆರೈಕೆಗೋ ಅಲ್ಲಿಗೆ ಹೋಗಿ, ಐದಾರು ತಿಂಗಳಿದ್ದು ಮರಳುತ್ತಾರೆ. ಬಂದವರನ್ನು ವಿಚಾರಿಸಿದರೆ ದೊರೆಯುವ ಉತ್ತರ ಹೆಚ್ಚುಕಡಿಮೆ ಒಂದೇ: ಊರು ಬಹಳ ಚೆಂದ, ಆದರೆ ಹೊತ್ತು ಹೋಗುವುದಿಲ್ಲ. ಆ ಚೆಲುವೂ ಈ ಬೇಸರವೂ ಒಂದೇ ಬೇರಿನಿಂದ ಹುಟ್ಟಿದವೆಂಬುದು ನಮ್ಮ ಎಣಿಕೆ. ಅದನ್ನು ತಿಳಿಯಲು ಕ್ಯಾಲಿಫೋರ್ನಿಯ ರಾಜ್ಯದ ಕ್ಯುಪರ್ಟಿನೋ ಎಂಬ ಒಂದು ಊರನ್ನು ನೋಡೋಣ.

ತೋಟ ಹೋಗಿ ಊರಾಯಿತು

ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಸಾಂತಾ ಕ್ಲಾರಾ ಕಣಿವೆ ಒಂದು ಕಾಲದಲ್ಲಿ ಹಣ್ಣಿನ ತೋಟಗಳ ನಾಡಾಗಿತ್ತು. ಏಪ್ರಿಕಾಟ್, ಚೆರಿ, ಒಣಗಿಸಿ ಮಾರುವ ಪ್ರೂನ್ ಹಣ್ಣುಗಳಿಗೆ ಅದು ಹೆಸರುವಾಸಿ. ವಸಂತದಲ್ಲಿ ಕಣಿವೆಯೆಲ್ಲ ಹೂವಾಗುತ್ತಿದ್ದುದರಿಂದ ಅದನ್ನು ಹೃದಯಾನಂದದ ಕಣಿವೆಯೆಂದೇ ಕರೆಯುತ್ತಿದ್ದರು. ಆ ಕಣಿವೆಯ ಕ್ಯುಪರ್ಟಿನೋ 1955ರಲ್ಲಿ ಸ್ವತಂತ್ರ ನಗರಾಡಳಿತವನ್ನು ಪಡೆಯಿತು. ಎಲೆಕ್ಟ್ರಾನಿಕ್ಸ್ ಉದ್ಯಮ ಬೆಳೆದಂತೆ ಮರಗಳು ಉರುಳಿದವು, ಮನೆಗಳ ಸಾಲುಗಳೆದ್ದವು. ಇಂದು ಆ್ಯಪಲ್ ಸಂಸ್ಥೆಯ ಪ್ರಧಾನ ಕಚೇರಿ ಇಲ್ಲಿದೆ. 2017ರಲ್ಲಿ ತೆರೆದ ಅದರ ಬಳೆಯಾಕಾರದ ಕಟ್ಟಡ ಜಗತ್ಪ್ರಸಿದ್ಧ. ಅದೇ ಆವರಣದಲ್ಲಿ 1916ರ ಒಂದು ಮರದ ಕಣಜವನ್ನು ಉಳಿಸಿಕೊಂಡಿದ್ದಾರೆ. ಹಿಂದಿನ ತೋಟಗಾರಿಕೆಯ ಕುರುಹಾಗಿ ನಿಂತಿರುವುದು ಅಂಥ ಒಂದೆರಡು ಮಾತ್ರ.

2020ರ ಜನಗಣತಿಯಂತೆ ಊರಿನ ಜನಸಂಖ್ಯೆ ಅರುವತ್ತು ಸಾವಿರ. ನಮ್ಮ ಕಾಸರಗೋಡು ಪುರಸಭೆಗಿಂತ ಹೆಚ್ಚೇನೂ ದೊಡ್ಡದಲ್ಲ. ಅವರಲ್ಲಿ ಮೂರರಲ್ಲಿ ಎರಡು ಪಾಲು ಏಷ್ಯಾ ಮೂಲದವರು, ಅದರಲ್ಲಿಯೂ ಚೀನೀಯರು ಮತ್ತು ಭಾರತೀಯರೇ ಅಧಿಕ.

ನಿಶ್ಶಬ್ದದ ಬೆಲೆ

ಇಲ್ಲಿಯ ಸುಖಸೌಕರ್ಯಗಳನ್ನು ಕಡೆಗಣಿಸುವಂತಿಲ್ಲ. ರಸ್ತೆಗಳು ಅಗಲ, ಕಾಲುದಾರಿಗಳು ಚೊಕ್ಕಟ. ಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಬೇರೆಬೇರೆ ತೊಟ್ಟಿಗಳಲ್ಲಿ ಬೀದಿಬದಿಗಿಟ್ಟರೆ ವಾರಕ್ಕೊಮ್ಮೆ ಲಾರಿ ಬಂದು ಒಯ್ಯುತ್ತದೆ. ಸಾರ್ವಜನಿಕ ಗ್ರಂಥಾಲಯ ಮಕ್ಕಳಿಂದ ತುಂಬಿರುತ್ತದೆ. ಉದ್ಯಾನಗಳಲ್ಲಿ ಮುಂಜಾನೆ ನಡೆದಾಡುವ ವೃದ್ಧರಲ್ಲಿ ಸೀರೆಯುಟ್ಟವರನ್ನೂ ಕಾಣಬಹುದು.

ಆದರೆ ಮನೆಯ ಮೂಲೆ ತಿರುಗಿದೊಡನೆ ಒಂದು ದಿನಸಿ ಅಂಗಡಿ ಸಿಗದು. ವಾಸದ ಬಡಾವಣೆಯಲ್ಲಿ ಅಂಗಡಿಯಿರಬಾರದು. ಬಹುಪಾಲು ನಿವೇಶನಗಳಲ್ಲಿ ಒಂದು ಕುಟುಂಬಕ್ಕೆ ಒಂದೇ ಮನೆಯಿರಬೇಕು ಎಂಬ ನಿಯಮದ ಮೇಲೆ ಇಂಥ ಊರುಗಳನ್ನು ಕಟ್ಟಲಾಗಿದೆ. ಆದುದರಿಂದಲೇ ಅಲ್ಲಿ ಗದ್ದಲವಿಲ್ಲ. ಆದುದರಿಂದಲೇ ಹಾಲು ತರಲೂ ಕಾರು ಬೇಕು. ಬಸ್ಸುಗಳು ಮುಖ್ಯರಸ್ತೆಗಳಲ್ಲಿ ಓಡುತ್ತವೆ, ಆದರೆ ಒಳಬೀದಿಯ ಮನೆಯಿಂದ ಅಲ್ಲಿಗೆ ಬಹುದೂರ ನಡೆಯಬೇಕು. ಕಾರು ನಡೆಸಲರಿಯದ ಹಿರಿಯರು ಮಗನ ಬಿಡುವನ್ನು ಕಾಯುತ್ತ ಕುಳಿತುಕೊಳ್ಳಬೇಕಾಗುತ್ತದೆ. ತಿಳಿಸದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಜಗಲಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಮಾತನಾಡಿಸುವ ನಮ್ಮವರಿಗೆ ಈ ಮೌನ ಭಾರವಾಗುವುದು ಸಹಜ.

ಶಾಲೆಗಾಗಿ ಮನೆ, ಮನೆಯಿಂದಾಗಿ ಶಾಲೆ

ಈ ಊರಿಗೆ ಜನ ಮುಗಿಬೀಳುವುದಕ್ಕೆ ಮುಖ್ಯ ಕಾರಣ ಸರಕಾರಿ ಶಾಲೆಗಳು. ಮಗು ಯಾವ ಶಾಲೆಗೆ ಸೇರಬೇಕೆಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸವೇ ನಿರ್ಧರಿಸುತ್ತದೆ. ಹೀಗಾಗಿ ಉತ್ತಮ ಶಾಲೆಯ ಎಲ್ಲೆಯೊಳಗಿನ ಸಾಧಾರಣ ಮನೆಯ ಬೆಲೆಯೂ ಇಂದು 20 ಲಕ್ಷ ಡಾಲರುಗಳನ್ನು ಮೀರಿದೆ. ನಮ್ಮ ಲೆಕ್ಕದಲ್ಲಿ ಹದಿನಾರು ಕೋಟಿ ರೂಪಾಯಿಗೂ ಮಿಗಿಲು. ಗಂಡಹೆಂಡಿರಿಬ್ಬರೂ ದುಡಿದು, ಮೂವತ್ತು ವರ್ಷಗಳ ಸಾಲವನ್ನು ಹೊತ್ತು, ಆ ವಿಳಾಸವನ್ನು ಕೊಳ್ಳುತ್ತಾರೆ. ಆ ಸಾಲದ ನೆರಳು ಮಕ್ಕಳ ಮೇಲೂ ಬೀಳುತ್ತದೆ: ಇಷ್ಟು ಕೊಟ್ಟು ಬಂದ ಮೇಲೆ ಅಂಕಗಳು ಕಡಿಮೆಯಾಗಬಾರದಲ್ಲ!

1978ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಹದಿಮೂರನೆಯ ಪ್ರಸ್ತಾವವೆಂಬ ಕಾನೂನನ್ನು ಅಂಗೀಕರಿಸಿದರು. ಅದರಂತೆ ಮನೆಯ ಮೂಲ ತೆರಿಗೆ ನಿಗದಿತ ಮೌಲ್ಯದ ಶೇಕಡಾ 1ನ್ನು ಮೀರಬಾರದು. ಮನೆ ಕೈಬದಲಾಗುವ ತನಕ ಆ ಮೌಲ್ಯ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಬಾರದು. ನಿವೃತ್ತರಾದ ವೃದ್ಧರು ತೆರಿಗೆ ಕಟ್ಟಲಾರದೆ ಮನೆ ಕಳೆದುಕೊಳ್ಳದಂತೆ ಇದು ಕಾಪಾಡಿದೆ, ನಿಜ. ಆದರೆ ಹಳಬರಿಗೆ ಮನೆ ಬಿಡುವ ಅಗತ್ಯ ಕಾಣದು, ಹೊಸಬರಿಗೆ ಕೊಳ್ಳುವ ಶಕ್ತಿ ಸಾಲದು. ಒಂದೇ ಬೀದಿಯ ಒಂದೇ ಬಗೆಯ ಎರಡು ಮನೆಗಳ ತೆರಿಗೆಯಲ್ಲಿ ಹತ್ತು ಪಟ್ಟು ಅಂತರವಿರುವುದೂ ಸಾಧ್ಯ.

ಎಳೆಯ ಸಂಸಾರಗಳು ಬಾರದೆ ಹೋದರೆ ಶಾಲೆಗೆ ಮಕ್ಕಳೆಲ್ಲಿಂದ ಬರಬೇಕು? ಈ ಊರನ್ನೂ ನೆರೆಯ ಕೆಲವು ಪ್ರದೇಶಗಳನ್ನೂ ಒಳಗೊಂಡ ಶಾಲಾ ಜಿಲ್ಲೆ, ಮಕ್ಕಳ ಸಂಖ್ಯೆ ಕುಸಿದುದರಿಂದ, 2022ರಲ್ಲಿ ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಟ್ಸ್ ಎಂಬ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಿತು. ಶಾಲೆಯಿಂದ ಮನೆಗೆ ಬೆಲೆ ಬಂತು. ಆ ಬೆಲೆಯೇ ಶಾಲೆಯನ್ನು ಬರಿದುಮಾಡತೊಡಗಿತು. ಮಕ್ಕಳಿಲ್ಲದೆ ಕನ್ನಡ ಶಾಲೆಯ ತರಗತಿ ಕುಗ್ಗುವುದನ್ನು ಕಂಡ ಗಡಿನಾಡಿನವರಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ. ಕಾರಣ ಬೇರೆ, ಬೀಗ ಒಂದೇ.

ಅಲ್ಲಿ ಕಲಿಸುವ ಉಪಾಧ್ಯಾಯರಲ್ಲಿ, ಹುಲ್ಲುಹಾಸು ಕತ್ತರಿಸುವ ತೋಟದವರಲ್ಲಿ, ಅಂಗಡಿಯಲ್ಲಿ ದುಡಿಯುವವರಲ್ಲಿ ಅನೇಕರು ಬೆಳಗಾಗುವ ಮೊದಲೇ ದೂರದ ಊರುಗಳಿಂದ ಹೊರಟು ಬರುತ್ತಾರೆ. ಅಲ್ಲೇ ಓದಿ ಬೆಳೆದ ಮಕ್ಕಳೂ ಸ್ವಂತ ಸಂಸಾರ ಹೂಡುವಾಗ ಬೇರೆಡೆ ಮನೆ ಹುಡುಕಬೇಕಾಗುತ್ತದೆ. ಒಂದು ನಿವೇಶನವನ್ನು ಇಬ್ಭಾಗಿಸಿ ಹೆಚ್ಚು ಮನೆ ಕಟ್ಟಲು ಅನುವಾಗುವಂತೆ ರಾಜ್ಯವು 2021ರಲ್ಲಿ ಕಾನೂನು ಮಾಡಿದೆ. ಆದರೆ ಊರಿನ ಚಹರೆ ಕೆಡುವುದೆಂಬ ಆಕ್ಷೇಪ ಇಂಥ ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತದೆ.

ನಾವು ಒಯ್ಯಬಹುದಾದುದು

ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ 1973ರಿಂದ ನಡೆದುಬಂದಿದೆ. ವಾರಾಂತ್ಯದಲ್ಲಿ ಸ್ವಯಂಸೇವಕರು ಮಕ್ಕಳಿಗೆ ಕನ್ನಡ ಕಲಿಸುವ ತರಗತಿಗಳೂ ಆ ಸೀಮೆಯಲ್ಲಿವೆ. ಆದರೂ ವಾರಕ್ಕೊಂದು ಗಂಟೆಯ ಪಾಠದಿಂದ ಭಾಷೆ ಮನೆಮಾತಾಗದು. ಹೊರಗೆ ಮಲಯಾಳ ಕೇಳುತ್ತ ಒಳಗೆ ಕನ್ನಡವನ್ನು ಉಳಿಸಿಕೊಂಡು ಬಂದ ನಮಗೆ ಇದು ಅನುಭವದಿಂದ ತಿಳಿದ ಸತ್ಯ.

ಆದುದರಿಂದ ಅಲ್ಲಿಗೆ ಹೊರಟ ಅಜ್ಜ ಅಜ್ಜಿಯರಿಗೆ ನಮ್ಮದೊಂದು ಮಾತು. ಹಪ್ಪಳ, ಉಪ್ಪಿನಕಾಯಿ ಅಲ್ಲಿಯ ಭಾರತೀಯ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಮೊಮ್ಮಗುವಿನೊಡನೆ ದಿನವಿಡೀ ಕನ್ನಡದಲ್ಲಿ ಮಾತನಾಡುವ ಪುರುಸೊತ್ತು ಮಾತ್ರ ಆ ಸಿರಿಯೂರಿನಲ್ಲಿ ಎಷ್ಟು ಡಾಲರು ಕೊಟ್ಟರೂ ಸಿಗದು. ಹೊತ್ತು ಹೋಗುವುದಿಲ್ಲವೆಂದು ನಾವು ಅಲ್ಲಿ ಬೇಸರಪಡುವ ಆ ಬಿಡುವೇ ಆ ಮನೆಗಳ ದೊಡ್ಡ ಕೊರತೆ.