ಮುಖಗವಸು ಮತ್ತು ಕಾರ್ಮಿಕರ ಕಣ್ಣಿನ ರಕ್ಷಣೆ

ಅಕ್ಕಿ ಗಿರಣಿ, ಮೆಣಸಿನ ಪುಡಿ ತಯಾರಿಸುವ ಘಟಕ, ಗ್ರಾನೈಟ್ ಪಾಲಿಶ್ ಕಾರ್ಖಾನೆ ಮೊದಲಾದ ಧೂಳಿನ ಉದ್ಯಮಗಳಲ್ಲಿ ಮುಖಗವಸು ಅನಿವಾರ್ಯವಾದುದು. ಆದರೆ ಅದನ್ನು ಧರಿಸಿ ಕೆಲವು ಗಂಟೆ ದುಡಿದ ಮೇಲೆ ಕಣ್ಣುರಿ, ಮರಳು ಬಿದ್ದಂತಹ ಅನುಭವ, ಮಂಜಾದ ನೋಟ ಮುಂತಾದ ತೊಂದರೆಗಳು ಕೆಲವರನ್ನು ಕಾಡುತ್ತವೆ. ಕೋವಿಡ್ ಹಾವಳಿಯ 2020ರಲ್ಲಿ ಇದು ವ್ಯಾಪಕವಾಗಿ ಗಮನಕ್ಕೆ ಬಂದು, ನೇತ್ರತಜ್ಞರು ಇದನ್ನು ‘ಮಾಸ್ಕ್ ಸಂಬಂಧಿತ ಒಣಕಣ್ಣು’ ಎಂದು ಕರೆದರು.

ಕಣ್ಣಿನ ಮೇಲ್ಮೈಯನ್ನು ಕಣ್ಣೀರಿನ ತೆಳುಪದರವೊಂದು ಸದಾ ತೇವವಾಗಿರಿಸುತ್ತದೆ. ಅದರ ಹೊರಗಿನ ಎಣ್ಣೆಯಂಶವು ನೀರು ಬೇಗ ಆವಿಯಾಗದಂತೆ ತಡೆಯುತ್ತದೆ. ರೆಪ್ಪೆ ಮಿಟುಕಿಸಿದಾಗಲೆಲ್ಲ ಈ ಪದರ ಹೊಸದಾಗಿ ಹರಡಿಕೊಳ್ಳುತ್ತದೆ. ಮುಖಗವಸು ಮೂಗಿನ ಮೇಲೆ ಸರಿಯಾಗಿ ಕೂರದಿದ್ದರೆ ಉಸಿರು ಮೇಲಂಚಿನ ಸಂದಿನಿಂದ ಹೊರಬಂದು ಕಣ್ಣಿನ ಮೇಲೆ ಬೀಸಿ, ತೇವವನ್ನು ಬೇಗನೆ ಆರಿಸುತ್ತದೆ. ಕನ್ನಡಕಕ್ಕೆ ಹಬೆ ಕಟ್ಟುವುದು ಈ ಸೋರಿಕೆಯ ಸುಲಭ ಗುರುತು. ಕಂಪ್ಯೂಟರ್ ಮುಂದೆ ಕುಳಿತವರು ರೆಪ್ಪೆ ಮಿಟುಕಿಸುವುದು ಕಡಿಮೆಯಾದ್ದರಿಂದ ಅವರಿಗೆ ತೊಂದರೆ ಹೆಚ್ಚು.

ಉರಿ ತಾಳಲಾರದೆ ಕಾರ್ಮಿಕನು ಮುಖಗವಸನ್ನು ಗದ್ದಕ್ಕೆ ಇಳಿಸಿದರೆ ನಿಜವಾದ ಅಪಾಯ ಆರಂಭವಾಗುತ್ತದೆ. ಗ್ರಾನೈಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಸೇರಿದರೆ ಬರುವ ಸಿಲಿಕೋಸಿಸ್ ರೋಗವನ್ನು ಗುಣಪಡಿಸಲಾಗದು. ಉಸಿರು ಹೊರಹೋಗುವ ಸಂದಿನಿಂದಲೇ ಧೂಳು ಒಳಬರುವುದರಿಂದ, ಅದನ್ನು ಮುಚ್ಚಿದರೆ ಕಣ್ಣು, ಶ್ವಾಸಕೋಶ ಎರಡಕ್ಕೂ ಹಿತ.

ಆದುದರಿಂದ ಉದ್ದಿಮೆದಾರರು ಈ ಕ್ರಮಗಳನ್ನು ಅನುಸರಿಸುವುದು ಒಳಿತು:

1. ಮೂಗಿನ ಬಳಿ ಲೋಹದ ಪಟ್ಟಿಯುಳ್ಳ, ಮುಖದ ಅಳತೆಗೆ ಹೊಂದುವ ಮುಖಗವಸನ್ನೇ ಒದಗಿಸಬೇಕು. ಸಿಲಿಕಾದಂತಹ ಸೂಕ್ಷ್ಮ ಧೂಳಿಗೆ ಬಟ್ಟೆಯ ಮುಖಗವಸು ಸಾಲದು. ಎನ್-95 ಅಥವಾ ಅದಕ್ಕಿಂತ ಉತ್ತಮವಾದುದು ಬೇಕು.

2. ಪಟ್ಟಿಯನ್ನು ಎರಡೂ ಕೈಗಳ ಬೆರಳುಗಳಿಂದ ಒತ್ತಿ ಕೂರಿಸುವುದನ್ನು ಕಾರ್ಮಿಕರಿಗೆ ಕಲಿಸಬೇಕು. ಸಾಧಾರಣ ಮುಖಗವಸಿಗೆ ಟೇಪು ಅಂಟಿಸುವುದಾದರೆ ಅದು ಕೆಳರೆಪ್ಪೆಯನ್ನು ಎಳೆಯಬಾರದು.

3. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯದಂತೆ ನೋಡಿಕೊಳ್ಳಬೇಕು.

4. ಧೂಳಿಲ್ಲದ ಸ್ಥಳದಲ್ಲಿ ಆಗಾಗ್ಗೆ ಸ್ವಲ್ಪ ಬಿಡುವು ನೀಡಬೇಕು. ಕೈ ತೊಳೆಯದೆ ಕಣ್ಣುಜ್ಜಬಾರದು.

ಉರಿ ಮುಂದುವರಿದರೆ ವೈದ್ಯರ ಸಲಹೆಯಂತೆ ಕೃತಕ ಕಣ್ಣೀರಿನ ಹನಿಗಳನ್ನು ಬಳಸಬಹುದು. ಔಷಧದ ಅಂಗಡಿಯಿಂದ ತಾವಾಗಿಯೇ ಸ್ಟೆರಾಯ್ಡ್ ಹನಿಗಳನ್ನು ಕೊಂಡು ಹಾಕಿಕೊಳ್ಳುವುದು ಅಪಾಯಕರ. ದೀರ್ಘಕಾಲದ ಬಳಕೆಯಿಂದ ಕಣ್ಣಿನ ಒತ್ತಡ ಹೆಚ್ಚಿ ದೃಷ್ಟಿಗೇ ಧಕ್ಕೆಯಾದೀತು. ತೀವ್ರ ನೋವು, ಬೆಳಕು ಸಹಿಸಲಾಗದಿರುವುದು ಅಥವಾ ದೃಷ್ಟಿ ಕುಂದುವುದು ಕಂಡುಬಂದರೆ ತಡಮಾಡದೆ ನೇತ್ರವೈದ್ಯರಲ್ಲಿಗೆ ಕಳುಹಿಸಬೇಕು.

ಮುಖಗವಸು ಹಂಚಿದ ಮಾತ್ರಕ್ಕೆ ಮಾಲೀಕರ ಹೊಣೆ ಮುಗಿಯುವುದಿಲ್ಲ. ಅದು ದಿನವಿಡೀ ಮುಖದ ಮೇಲೆ ನಿಲ್ಲುವಂತಿದ್ದರೆ ಮಾತ್ರ ಅದಕ್ಕೆ ಮಾಡಿದ ವೆಚ್ಚ ಸಾರ್ಥಕ.