ಹಂಪ್ ಮೇಲೆ ‘ಕರ್ರ್’ ಅಂತಾ? ತಗ್ಗಿನ ಕಾರಿನ ಹೊಟ್ಟೆ ಉಳಿಸೋ ಲೆಕ್ಕ ಇಲ್ಲಿದೆ

ಇಯರ್‌ಫೋನ್ ಹಾಕ್ಕೊಂಡು ಕೇಳಿದವರಿಗೆ ಈ ಸಂಚಿಕೆಯ ಶುರುವಿನಲ್ಲೇ ಒಂದು ಶಬ್ದ ಕೇಳಿಸಿದ್ವಿ. ಓದುವವರಿಗೆ ಅದನ್ನ ಬರೆದು ತೋರಿಸೋದು ಸ್ವಲ್ಪ ಕಷ್ಟ. ಮೊದಲು ಒಂದು ಉದ್ದನೆಯ ‘ಕರ್ರ್ರ್’, ಆಮೇಲೆ ಒಂದು ‘ಟಣ್’. ತಗ್ಗಿನ ಕಾರು ಓಡಿಸಿದವರಿಗೆ ಈ ಶಬ್ದ ಕೇಳಿದ್ರೆ ಹೊಟ್ಟೆಯೊಳಗೆ ಸಂಕಟ ಆಗುತ್ತೆ.

ನನ್ನ ಗೆಳೆಯನೊಬ್ಬ ವರ್ಷಗಟ್ಟಲೆ ದುಡ್ಡು ಕೂಡಿಸಿ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಂಡ. ಎರಡು ಬಾಗಿಲು, ಕೂತರೆ ನೆಲಕ್ಕೇ ಕೂತ ಹಾಗೆ. ಒಂದು ಭಾನುವಾರ ಬೆಳಗಿನ ಜಾವ ಇಬ್ಬರೂ ನಂದಿ ಬೆಟ್ಟಕ್ಕೆ ಹೊರಟ್ವಿ. ದೇವನಹಳ್ಳಿ ದಾಟಿದ ಮೇಲೆ ಒಂದು ಊರಿನ ಮುಂದೆ ಬಣ್ಣ ಇಲ್ಲದ, ಬೋರ್ಡ್ ಇಲ್ಲದ ಹಂಪ್. ಕತ್ತಲಲ್ಲಿ ಕಾಣಲಿಲ್ಲ. ಕರ್ರ್ರ್, ಟಣ್. ಇಳಿದು ನೋಡಿದ್ವಿ, ಏನೂ ನೇತಾಡ್ತಾ ಇರಲಿಲ್ಲ. ಸದ್ಯ ಅಂತ ಹೊರಟ್ವಿ. ಸ್ವಲ್ಪ ದೂರ ಹೋದ ಮೇಲೆ ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ಬಂತು. ‘ಮುಂದೆ ಟೀ ಅಂಗಡಿ ಇದೆ, ಅಲ್ಲೇ ನಿಲ್ಲಿಸಿ ನೋಡೋಣ ಬಿಡೋ’ ಅಂದೋನು ನಾನೇ. ಹೆಚ್ಚೆಂದರೆ 2 ಕಿಲೋಮೀಟರ್ ಇತ್ತು. ಅಂಗಡಿಯವರು ಲೋಟ ಕೊಡೋ ಮುಂಚೆನೇ ಹೇಳಿದ್ರು: ‘ಅಣ್ಣ, ನಿಮ್ ಗಾಡಿ ಕೆಳಗೆ ಏನೋ ಸೋರಿರೋ ಹಂಗಿದೆ ನೋಡಿ.’ ಟೀ ಕುಡಿದು ಕೀ ತಿರುಗಿಸಿದ್ರೆ ಎಂಜಿನ್ ತಿರುಗಲೇ ಇಲ್ಲ. ಲಾಕ್ ಆಗಿತ್ತು.

ಆ ಬಿಲ್ಲಿನ ಕಥೆಗೆ ಆಮೇಲೆ ಬರ್ತೀನಿ. ಮೊದಲು, ಯಾವ ಹಂಪ್ ಕಾರಿನ ಹೊಟ್ಟೆಗೆ ತಾಗುತ್ತೆ, ಯಾವುದು ತಾಗಲ್ಲ ಅನ್ನೋದನ್ನ ನೋಡೋಣ. ನಾವೆಲ್ಲ ‘ಹಂಪ್ ತುಂಬಾ ಎತ್ತರ ಇತ್ತು’ ಅಂತ ಬೈತೀವಿ. ಎತ್ತರದಷ್ಟೇ, ಕೆಲವು ಸಲ ಅದಕ್ಕಿಂತ ಹೆಚ್ಚು, ಆಕಾರದ್ದೂ ತಪ್ಪಿರುತ್ತೆ.

10 ಸೆಂಟಿಮೀಟರ್ ಹಂಪ್, ಎರಡು ಕಥೆ

ಹಂಪ್ ಹೇಗಿರಬೇಕು ಅಂತ ನಮ್ಮ ದೇಶದಲ್ಲಿ ಬರೆದಿಟ್ಟ ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಕೊಟ್ಟ ಮಾರ್ಗಸೂಚಿ: 25 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನಿನ ಥರ ದುಂಡಗೆ ಇರಬೇಕು. ಮೇಲೆ ಕಪ್ಪು ಬಿಳಿ ಪಟ್ಟೆ, 40 ಮೀಟರ್ ಮುಂಚೆ ಎಚ್ಚರಿಕೆಯ ಬೋರ್ಡ್.

3.7 ಮೀಟರ್ ಅಂದ್ರೆ 12 ಅಡಿ. ನಿಮ್ಮ ಬೀದಿಯ ಹಂಪ್ ನೆನಪು ಮಾಡ್ಕೊಳ್ಳಿ. ಒಂದೂವರೆ ಅಡಿ ಇದ್ದೀತು!

ಈ ಅಗಲ ಯಾಕೆ ಮುಖ್ಯ? ಪೋರ್ಷೆ 911 ತಗೊಳ್ಳಿ. ಅದರ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2.45 ಮೀಟರ್. ಇದನ್ನ ವೀಲ್‌ಬೇಸ್ ಅಂತಾರೆ. ಹಂಪ್ 3.7 ಮೀಟರ್ ಅಗಲ ಇದ್ರೆ, ಕಾರು ಅದರ ನೆತ್ತಿ ದಾಟುವಾಗ ನಾಲ್ಕೂ ಚಕ್ರ ಹಂಪ್ ಮೇಲೇ ಇರುತ್ತೆ. ಕಾರಿನ ಜೊತೆ ಹೊಟ್ಟೆನೂ ಮೇಲೆ ಏರಿರುತ್ತೆ. ಆ ಕಮಾನಿನ ಮೇಲೆ 2.45 ಮೀಟರ್ ಉದ್ದದ ಕೋಲು ಇಟ್ಟ ಹಾಗೆ ಲೆಕ್ಕ ಹಾಕಿದ್ರೆ, ಹಂಪ್ ಕಾರಿನ ಹೊಟ್ಟೆ ಕಡೆಗೆ ಉಬ್ಬಿ ಬರೋದು ಬರೀ 4.4 ಸೆಂಟಿಮೀಟರ್. ವೀಲ್‌ಬೇಸ್ 2.7 ಮೀಟರ್ ಇರೋ ಉದ್ದನೆಯ ಸೆಡಾನ್ ಆದ್ರೆ 5.4. ಅಂದ್ರೆ ನೆಲದಿಂದ 12 ಸೆಂಟಿಮೀಟರ್ ಮಾತ್ರ ಎತ್ತರ ಇರೋ ಕಾರೂ ನಿಧಾನವಾಗಿ, ಆರಾಮಾಗಿ ದಾಟುತ್ತೆ.

ಈಗ ಅದೇ 10 ಸೆಂಟಿಮೀಟರ್ ಎತ್ತರದ ಹಂಪನ್ನ ಒಂದೂವರೆ ಅಡಿ ಅಗಲಕ್ಕೆ ಕುಗ್ಗಿಸಿ. ಮುಂದಿನ ಚಕ್ರ ಇಳಿದು ಸಮತಟ್ಟು ರಸ್ತೆಗೆ ಬಂದಿರುತ್ತೆ, ಹಿಂದಿನ ಚಕ್ರ ಇನ್ನೂ ಹತ್ತಿರಲ್ಲ. ಹಂಪ್ ಹೊಟ್ಟೆ ಕೆಳಗೆ ನಿಂತಿರುತ್ತೆ, ಪೂರ್ತಿ 10 ಸೆಂಟಿಮೀಟರ್. ಉಳಿದಿದ್ದು 2. ಮುಂದಿನ ಚಕ್ರ ದೊಪ್ ಅಂತ ಇಳಿದಾಗ ಸ್ಪ್ರಿಂಗ್ ಕುಗ್ಗುತ್ತಲ್ಲ, ಆ 2 ಸೆಂಟಿಮೀಟರ್ ಅಲ್ಲೇ ಹೋಯ್ತು. ಹಂಪೇ 15 ಸೆಂಟಿಮೀಟರ್ ಇದ್ರೆ ಎಷ್ಟೇ ನಿಧಾನಕ್ಕೆ ಹೋದ್ರೂ ತಾಗಲೇಬೇಕು. ಡ್ರೈವಿಂಗ್ ಚೆನ್ನಾಗಿಲ್ಲ ಅಂತ ಆಗ ನಿಮ್ಮನ್ನ ನೀವು ಬೈಕೊಳ್ಳೋದು ಬೇಡ.

‘ಕ್ರಾಸ್ ಆಗಿ ಹತ್ಸು ಗುರು’

ಹಂಪನ್ನ ಓರೆಯಾಗಿ ಹತ್ತಿಸೋ ಟ್ರಿಕ್ ಎಲ್ಲರಿಗೂ ಗೊತ್ತು. ಅದು ಎಲ್ಲಾ ಕಡೆ ಕೆಲಸ ಮಾಡಲ್ಲ ಅನ್ನೋದು ಗೊತ್ತಿಲ್ಲ.

ಮುಂದಿನ ಬಂಪರ್‌ನ ಕೆಳತುಟಿ ಉಳಿಸೋಕೆ ಇದು ಒಳ್ಳೆ ಉಪಾಯ. ಒಂದು ಚಕ್ರ ಮೊದಲು ಹತ್ತಿ ಮೂತಿಯನ್ನ ಎತ್ತುತ್ತೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರಿಗೂ ಒಳ್ಳೇದು. ಆದ್ರೆ ಒಂದೂವರೆ ಅಡಿಯ ಸಣ್ಣ ಹಂಪ್ ನಿಮ್ಮ ಹೊಟ್ಟೆಯ ನಡುಮಧ್ಯ ಬರುವಾಗ ಒಂದಾದ್ರೂ ಚಕ್ರ ಅದರ ಮೇಲೇ ಇರಬೇಕು ಅಂದ್ರೆ ಕಾರನ್ನ ಸುಮಾರು 60 ಡಿಗ್ರಿ ಓರೆ ಮಾಡಬೇಕಾಗುತ್ತೆ. ಹೆಚ್ಚೂಕಮ್ಮಿ ರಸ್ತೆಗೆ ಅಡ್ಡಡ್ಡ ನಿಂತ ಹಾಗೆ. 20-30 ಡಿಗ್ರಿ ತಿರುಗಿಸಿದ್ರೆ ಬಂಪರ್ ಉಳಿಯುತ್ತೆ, ಹೊಟ್ಟೆ ಉಜ್ಜುತ್ತೆ.

ಇನ್ನೊಂದು ವಿಷಯ, ಇದನ್ನ ಸ್ವಲ್ಪ ಜೋರಾಗೇ ಹೇಳ್ತೀನಿ. ಓರೆ ಮಾಡೋಕೆ ಹೋದ್ರೆ ನೀವು ಪಕ್ಕದ ಲೇನಿಗೆ ನುಗ್ತೀರಿ. ಹಂಪ್ ತುದಿಯಲ್ಲಿ ಚರಂಡಿ ಪಕ್ಕ ಒಂದು ಸಣ್ಣ ಜಾಗ ಇರುತ್ತಲ್ಲ, ಅಲ್ಲಿಂದ ಬೈಕು, ಸ್ಕೂಟರ್‌ಗಳು ನುಗ್ಗಿ ಬರ್ತಾ ಇರ್ತವೆ. ತಗ್ಗಿನ ಕಾರಲ್ಲಿ ಕೂತವರಿಗೆ ಅವು ಕಾಣೋದೇ ಕಡಿಮೆ. ಬಂಪರ್ ಪ್ಲಾಸ್ಟಿಕ್ ಉಳಿಸೋಕೆ ಒಬ್ಬರ ಕಾಲು ಮುರೀಬೇಡಿ. ಹಿಂದೆ, ಪಕ್ಕ ಖಾಲಿ ಇದ್ರೆ ಮಾತ್ರ, ಇಂಡಿಕೇಟರ್ ಹಾಕಿ ಮಾಡಿ.

ಅದಕ್ಕಿಂತ ಸುಲಭದ್ದು ಬ್ರೇಕ್ ವಿಷಯ. ಹಂಪ್ ಮೇಲೆ ಬ್ರೇಕ್ ಒತ್ಕೊಂಡು ಹತ್ತಿದ್ರೆ ಕಾರಿನ ಮೂತಿ ಬಗ್ಗುತ್ತೆ, ಬೇಕಾದ ಜಾಗದಲ್ಲೇ ಎತ್ತರ ಕಳ್ಕೋತೀರಿ. ನಿಧಾನ ಮಾಡೋದೆಲ್ಲ ಮುಂಚೆ ಮುಗಿಸಿ, ಚಕ್ರ ಹತ್ತೋ ಹೊತ್ತಿಗೆ ಬ್ರೇಕಿಂದ ಕಾಲು ತೆಗೆದು ತೆವಳಿಸಿ. ಆಮೇಲೆ ಭಾರ. ಬ್ರೋಷರ್‌ನಲ್ಲಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್ ಎಷ್ಟೋ ಸಲ ಖಾಲಿ ಕಾರಿನದು. ಜನ, ಬ್ಯಾಗು ತುಂಬಿದ ಮೇಲೆ ಕಾರು ಕುಸಿದಿರುತ್ತೆ. ಹಂಪ್ ಬಂದಾಗ ಫ್ರೆಂಡ್ಸನ್ನ ಕೆಳಗಿಳಿಸಿ, ದಾಟಿದ ಮೇಲೆ ಹತ್ತಿಸ್ಕೊಳ್ಳೋರನ್ನ ನೋಡಿ ನಗ್ತೀವಲ್ಲ, ಅವರು ಮಾಡ್ತಿರೋದು ಸರಿಯಾಗೇ ಇದೆ.

ಕಾರು ಕೊಳ್ಳೋ ಮುಂಚೆ ಟೇಪ್ ಹಿಡಿದು ಮನೆಯ ರ‍್ಯಾಂಪ್ ಅಳೀರಿ. 5 ಅಡಿ ಮುಂದೆ ಹೋದ್ರೆ 1 ಅಡಿ ಇಳಿಯೋ ಇಳಿಜಾರು ಅಂದ್ರೆ ಸುಮಾರು 11 ಡಿಗ್ರಿ. 12 ಸೆಂಟಿಮೀಟರ್ ಎತ್ತರ, 2.45 ಮೀಟರ್ ವೀಲ್‌ಬೇಸ್ ಇರೋ ಕಾರು ಹೊಟ್ಟೆ ತಾಗದೆ ದಾಟಬಲ್ಲ ಮಿತಿಯೂ ಅಷ್ಟೇ, 11 ಡಿಗ್ರಿ. ಅಂದ್ರೆ ದಿನಾ ಎರಡು ಸಲ ಅದೃಷ್ಟ ಪರೀಕ್ಷೆ. 8 ಅಡಿಗೆ 1 ಅಡಿ ಇಳಿದ್ರೆ 7 ಡಿಗ್ರಿ, ತೊಂದರೆ ಇಲ್ಲ.

ಅಂಗಡಿಯಲ್ಲಿ ಏನು ಮಾರ್ತಾರೆ?

ಮೊದಲನೇದು, ಕಪ್ಪು ಬಣ್ಣದ ಅಂಡರ್‌ಬಾಡಿ ಕೋಟಿಂಗ್. ‘ಸಾರ್, ಇದು ಹಾಕಿದ್ರೆ ಕೆಳಗೆ ಏನೂ ಆಗಲ್ಲ’ ಅಂತಾರೆ. ಅದು ಇರೋದು ತುಕ್ಕಿಗೆ, ಹಾರಿ ಬರೋ ಜಲ್ಲಿಕಲ್ಲಿನ ಏಟಿಗೆ. ಟನ್ನುಗಟ್ಟಲೆ ತೂಕದ ಕಾರು ಕಾಂಕ್ರೀಟ್ ಮೇಲೆ ಉಜ್ಜಿದಾಗ ಆ ಪದರ ಸಿಪ್ಪೆ ಥರ ಎದ್ದು ಬರುತ್ತೆ.

ಎರಡನೇದು ಸ್ಕಿಡ್ ಪ್ಲೇಟ್, ಎಂಜಿನ್ ಕೆಳಗೆ ಕಟ್ಟೋ ಲೋಹದ ತಟ್ಟೆ. ಇದು ಕಾಪಾಡೋದು ಮುಖ್ಯವಾಗಿ ಆಯಿಲ್ ಸಂಪನ್ನ. ಬೆಂಗಳೂರಲ್ಲಿ ಸಂಪ್ ಅಂದ್ರೆ ಕಾವೇರಿ ನೀರು ತುಂಬೋ ತೊಟ್ಟಿ, ಗ್ಯಾರೇಜಲ್ಲಿ ಇದಕ್ಕೆ ‘ಚೇಂಬರ್’ ಅಂತಾರೆ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲೋ ಡಬ್ಬ ಅದು. ಅಲ್ಯೂಮಿನಿಯಂದು ಆದ್ರೆ ಏಟಿಗೆ ಸೀಳು ಬಿಡುತ್ತೆ. ಉಕ್ಕಿನದು ಆದ್ರೆ ತಗ್ಗು ಬೀಳುತ್ತೆ, ಆ ತಗ್ಗು ಒಳಗಡೆ ಆಯಿಲ್ ಹೀರೋ ಪೈಪಿನ ಬಾಯಿಗೆ ಅಡ್ಡ ನಿಲ್ಲಬಹುದು. ಹಾಗಾಗಿ ಪ್ಲೇಟ್ ಒಳ್ಳೇದೇ. ಆದ್ರೆ ಅದನ್ನ ಸಬ್‌ಫ್ರೇಮಿಗೆ ಬಿಗಿದಿರಬೇಕು, ಸಂಪಿಗೇ ಬೋಲ್ಟ್ ಹಾಕಿದ್ರೆ ಏಟು ನೇರ ಅಲ್ಲಿಗೇ ಹೋಗುತ್ತೆ. ಆಯಿಲ್ ಬದಲಿಸೋಕೆ ತೂತು, ಗಾಳಿ ಆಡೋಕೆ ಜಾಗ ಬೇಕು. ಮತ್ತೆ ಇದೇ ಪ್ಲೇಟ್ ನಿಮ್ಮ 12 ಸೆಂಟಿಮೀಟರಲ್ಲಿ ಒಂದು, ಒಂದೂವರೆ ತಿನ್ನುತ್ತೆ. ಎತ್ತರ ಇರೋ ಕಾರಿಗೆ ಇದು ಲೆಕ್ಕಕ್ಕಿಲ್ಲ, ಸ್ಪೋರ್ಟ್ಸ್ ಕಾರಿಗೆ ದೊಡ್ಡ ಲೆಕ್ಕ.

ನನಗೆ ಮೆಚ್ಚುಗೆ ಆಗೋದು ಪ್ಲಾಸ್ಟಿಕ್ ಪಟ್ಟಿ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚೋ ಬಿಳಿ ಬೋರ್ಡ್ ಇರುತ್ತಲ್ಲ, ಆ ಜಾತಿಯ ಗಟ್ಟಿ, ಜಾರೋ ಪ್ಲಾಸ್ಟಿಕ್. ಬಂಪರ್ ತುಟಿಯ ಕೆಳಗೆ ಅಂಟಿಸಿ ಸ್ಕ್ರೂ ಹಾಕಿದ್ರೆ ತಾಗಿದಾಗ ಕಚ್ಚಲ್ಲ, ಜಾರುತ್ತೆ. ಸವೆದ್ರೆ ಬದಲಿಸಿ. ಪಟ್ಟಿ ಇರೋದೇ ಸವೆಯೋಕೆ.

ಸ್ಪ್ರಿಂಗ್ ಸುರುಳಿ ಮಧ್ಯೆ ತುರುಕೋ ರಬ್ಬರ್ ಬಫರ್ ಕಾರನ್ನ ಸ್ವಲ್ಪ ಎತ್ತುತ್ತೆ, ನಿಜ. ಆದ್ರೆ ಅಷ್ಟು ಸುರುಳಿ ಕೆಲಸ ನಿಲ್ಲಿಸುತ್ತೆ, ಉಳಿದದ್ದರ ಮೇಲೆ ಭಾರ, ಕಾರು ಕುಣಿಯೋದು ಬದಲಾಗುತ್ತೆ. ಸ್ಪೋರ್ಟ್ಸ್ ಕಾರು ಕೊಂಡಿದ್ದೇ ತಿರುವಿನಲ್ಲಿ ಅದು ಓಡೋ ಚಂದಕ್ಕೆ ಅಲ್ವಾ? ಟೈರ್ ದಪ್ಪ ಮಾಡೋದು ಇನ್ನೊಂದು ದಾರಿ. 205/55 ಆರ್16 ಬದಲು 205/60 ಆರ್16 ಹಾಕಿದ್ರೆ ಕಾರು ಸುಮಾರು 1 ಸೆಂಟಿಮೀಟರ್ ಏಳುತ್ತೆ. ಜೊತೆಗೆ ಮೀಟರ್ ಲೆಕ್ಕವೂ ನೂರಕ್ಕೆ 3ರಷ್ಟು ಕಡಿಮೆ ತೋರಿಸೋಕೆ ಶುರು ಮಾಡುತ್ತೆ, ಪೂರ್ತಿ ತಿರುಗಿಸಿದಾಗ ಒಳಗಡೆ ಉಜ್ಜುತ್ತಾ ಅಂತಲೂ ನೋಡಬೇಕು. ಕಂಪನಿ ಅಳತೆ ಬದಲಿಸಿದ್ರೆ ವಾರಂಟಿ, ಇನ್ಶೂರೆನ್ಸ್‌ನಲ್ಲಿ ತಕರಾರು ಬರಬಹುದು, ಮೊದಲೇ ಕೇಳ್ಕೊಳ್ಳಿ.

ದುಬಾರಿ ಕಾರುಗಳಲ್ಲಿ ಗುಂಡಿ ಒತ್ತಿದ್ರೆ ಮೂತಿ ಏಳೋ ವ್ಯವಸ್ಥೆ ಇದೆ. ಪೋರ್ಷೆ 911ರಲ್ಲಿ ಸುಮಾರು 4 ಸೆಂಟಿಮೀಟರ್ ಏಳುತ್ತೆ. ಏಳೋದು ಮುಂಭಾಗ ಮಾತ್ರ, ಹೊಟ್ಟೆಯ ನಡುವೆ ಸಿಗೋದು ಅದರ ಅರ್ಧ. ಕೋಟಿ ಕೊಟ್ಟವರೂ ಸಣ್ಣ ಹಂಪ್ ಮುಂದೆ ಉಸಿರು ಬಿಗಿ ಹಿಡೀಬೇಕು.

ತಾಗಿತು, ಈಗೇನು?

ಮುಂದೆ ಸುರಕ್ಷಿತ ಜಾಗ ಸಿಕ್ಕ ತಕ್ಷಣ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮೊಬೈಲ್ ಟಾರ್ಚ್ ಹಾಕಿ ಕೆಳಗೆ ಬಗ್ಗಿ ನೋಡಿ. ನೇತಾಡೋದನ್ನ ಮಾತ್ರ ಹುಡುಕಬೇಡಿ, ನಾವು ಮಾಡಿದ ತಪ್ಪು ಅದೇ. ಹನಿ ಹುಡುಕಿ. 5 ನಿಮಿಷ ಕಾದು, ಕಾರಿನ ಕೆಳಗೆ ಒಂದು ನ್ಯೂಸ್‌ಪೇಪರ್ ಹಾಸಿ ನೋಡಿ. ಎಸಿಯ ನೀರು ತೊಟ್ಟಿಕ್ಕಿದ್ರೆ ಭಯ ಬೇಡ. ಕಂದು, ಕಪ್ಪು ಜಿಡ್ಡು ಆಯಿಲ್, ಪೆಟ್ರೋಲ್ ವಾಸನೆ ಬಂದ್ರೆ ದೂರ ಸರೀರಿ, ಬ್ರೇಕ್ ಪೆಡಲ್ ಮೆತ್ತಗೆ ಆಗಿದ್ರೆ ಓಡಿಸಲೇಬೇಡಿ. ಪ್ಲಾಸ್ಟಿಕ್ ತಟ್ಟೆ ಕಳಚಿಕೊಂಡಿದ್ರೆ ಕೇಬಲ್ ಟೈ ಹಾಕಿ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಎಲೆಕ್ಟ್ರಿಕ್ ಕಾರಾದ್ರೆ ಕೆಳಗಿರೋದು ಬ್ಯಾಟರಿ, ಬಲವಾಗಿ ತಾಗಿದ್ರೆ ಸರ್ವಿಸ್‌ನವರೇ ನೋಡಬೇಕು.

ಆ ಕೆಂಪು ದೀಪ, ಅಲ್ಲಾವುದ್ದೀನನ ದೀಪದ ಥರ ಚಿತ್ರ, ತುದಿಯಲ್ಲಿ ಒಂದು ಹನಿ, ಅದು ‘ಆಯಿಲ್ ಕಡಿಮೆ ಇದೆ, ಯಾವಾಗಲಾದರೂ ಹಾಕಿಸಿ’ ಅಂತ ಅಲ್ಲ. ಎಂಜಿನ್ ಒಳಗೆ ಆಯಿಲ್ ಒತ್ತಡ ಇಲ್ಲ ಅಂತ. ಲೋಹದ ಮೇಲೆ ಲೋಹ ಉಜ್ಜೋಕೆ ಶುರುವಾಗಿರುತ್ತೆ. ನಿಮಿಷಗಳ ಲೆಕ್ಕ. ಟೀ ಅಂಗಡಿವರೆಗೂ ಅಲ್ಲ, ಮುಂದಿನ ಮರದವರೆಗೂ ಅಲ್ಲ. ಪಕ್ಕಕ್ಕೆ ತಗೊಂಡು ಆಫ್ ಮಾಡಿ, ಟೋ ಮಾಡೋ ಗಾಡಿ ಕರೀರಿ.

ಗೆಳೆಯನ ಬಿಲ್ಲಿಗೆ ಬರ್ತೀನಿ ಅಂದಿದ್ನಲ್ಲ. ಇನ್ಶೂರೆನ್ಸ್ ಸರ್ವೇಯರ್ ಬಂದು ನೋಡಿದ್ರು. ಹಂಪ್ ತಾಗಿ ಸಂಪ್ ಒಡೆದಿದ್ದು ಅಪಘಾತ, ಅದಕ್ಕೆ ದುಡ್ಡು ಸಿಕ್ತು. ಎಂಜಿನ್ ಕೆಟ್ಟಿದ್ದು ಆಮೇಲೆ ಓಡಿಸಿದ್ದರಿಂದ. ಮಾಮೂಲಿ ಪಾಲಿಸಿಯಲ್ಲಿ ಹೀಗೆ ಒಂದರ ಹಿಂದೆ ಬಂದ ನಷ್ಟಕ್ಕೆ ಕವರ್ ಇರಲ್ಲ. ಎಂಜಿನ್ ಪ್ರೊಟೆಕ್ಟ್ ಅನ್ನೋ ಆಡ್-ಆನ್ ಬೇರೆ ತಗೋಬೇಕು, ಅದರ ಷರತ್ತೂ ಓದಿರಬೇಕು. ಅವನು ತಗೊಂಡಿರಲಿಲ್ಲ. ಸಂಪಿನ ಬೆಲೆ ಒಂದು ಫೋನಿನಷ್ಟು. ಎಂಜಿನ್ ಕೆಲಸಕ್ಕೆ ಹೋಗಿದ್ದು ಕಾರು ಕೊಂಡ ದುಡ್ಡಿನ ಮೂರನೇ ಒಂದು ಭಾಗ. ನಾನು ಅರ್ಧ ಕೊಡ್ತೀನಿ ಅಂದೆ, ಅವನು ಬೇಡ ಅಂದ. ಈಗಲೂ ಯಾವುದಾದ್ರೂ ಟೀ ಅಂಗಡಿ ಕಂಡ್ರೆ ನನ್ನ ಮುಖ ನೋಡ್ತಾನೆ.

ಹಂಪೇ ಬೇಡ ಅಂತ ನಾವು ಹೇಳ್ತಾ ಇಲ್ಲ. ಆ ಊರಿನ ಹಂಪ್ ಇದ್ದಿದ್ದು ಒಂದು ಶಾಲೆಯ ಮುಂದೆ, ಅಲ್ಲಿ ಹಂಪ್ ಬೇಕೇ ಬೇಕು. ಕೇಳಬೇಕಾಗಿರೋದು 12 ಅಡಿ ಅಗಲ, ಪಟ್ಟೆ, ಬೋರ್ಡ್. ನಿಮ್ಮ ಬೀದಿಯಲ್ಲಿ ಅಂಥ ಹಂಪ್ ಇದ್ರೆ ಟ್ರಾಫಿಕ್ ಇಲ್ಲದ ಹೊತ್ತಲ್ಲಿ ಟೇಪ್ ಇಟ್ಟು ಎತ್ತರ, ಅಗಲದ ಫೋಟೊ ತೆಗೆದು, ಜಾಗದ ಲೊಕೇಶನ್ ಸೇರಿಸಿ ಪಾಲಿಕೆಗೋ ಪಂಚಾಯಿತಿಗೋ ದೂರು ಕೊಡಿ. ‘ಹಂಪ್ ಸರಿ ಇಲ್ಲ’ ಅನ್ನೋ ದೂರಿಗಿಂತ ‘ಅಗಲ 45 ಸೆಂಟಿಮೀಟರ್, ಎತ್ತರ 14’ ಅನ್ನೋ ದೂರನ್ನ ತಳ್ಳಿಹಾಕೋದು ಕಷ್ಟ. ಆ ಫೋಟೊಗಳನ್ನ ನಮಗೂ ವಾಯ್ಸ್ ನೋಟ್ ಜೊತೆ ಕಳಿಸಿ, ಮುಂದಿನ ವಾರ ಕೆಲವನ್ನ ಕೇಳಿಸ್ತೀವಿ.